ಬಸು ಅಳೆದಿಟ್ಟ ಜಾಗ

ನನ್ನ ತಮ್ಮ ಬಸು ಯಾವ ಜಾಗಕ್ಕೆ ಹೋದರೂ ಮೊದಲು ಅದನ್ನು ಅಳೆಯುತ್ತಿದ್ದ. ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದ. ಆಮೇಲೆ ಅಡ್ಡಿಯಿಲ್ಲ ಎಂದೋ, ಇದರ ಮೂಲೆ ಸರಿಯಿಲ್ಲ ಎಂದೋ ತೀರ್ಪು ಕೊಟ್ಟ ಮೇಲೆಯೇ ಕೂರುವುದು. ಕ್ವಾಲಾಲಂಪುರದ ವಿಮಾನ ನಿಲ್ದಾಣದಲ್ಲಿ ಇಳಿದ ದಿನವೇ ಪಾಸ್‌ಪೋರ್ಟ್ ಸಾಲಿನ ಹಳದಿ ಗೆರೆಯಿಂದ ಕೌಂಟರಿನವರೆಗೆ ಅಳೆಯಲು ಹೋಗಿ ಅಲ್ಲಿನ ಅಧಿಕಾರಿಯಿಂದ ಬೈಸಿಕೊಂಡಿದ್ದ. ಪುಚೊಂಗ್‌ನಲ್ಲಿ ನಾವಿದ್ದ ಹೋಟೆಲಿನ ಮೇಲಿನ ಕೋಣೆಯನ್ನು ಎಷ್ಟು ಸಲ ಅಳೆದನೋ. ಪ್ರತಿ ಸಲವೂ ಅದು ಅಷ್ಟೇ ಇಕ್ಕಟ್ಟಾಗಿ ಬರುತ್ತಿತ್ತು, ಪ್ರತಿ ಸಲವೂ ಅವನಿಗೆ ಬೇಸರ.

ಅದು ಅಪ್ಪನಿಂದ ಬಂದ ಚಟ. ನಮ್ಮದು ಗದಗದ ಕಡೆಯ ಊರು. ಅಪ್ಪ ಜಮೀನು ಅಳೆಯುವ ಮೋಜಣಿದಾರರ ಹಿಂದೆ ಸರಪಳಿ ಹಿಡಿಯುವ ಕೆಲಸ ಮಾಡುತ್ತಿದ್ದ. ಸುತ್ತಲಿನ ಊರುಗಳಲ್ಲಿ ಯಾರ ಹೊಲ ಎಲ್ಲಿ ಮುಗಿಯುತ್ತದೆ, ಯಾರ ಬದು ಯಾವ ವರ್ಷ ಸರಿದಿದೆ ಎನ್ನುವುದು ಅವನ ಕಾಲಿಗೆ ಗೊತ್ತಿತ್ತು. ನಮಗೆ ಮಾತ್ರ ಒಂದು ಗೇಣು ಭೂಮಿ ಇರಲಿಲ್ಲ. ಇದ್ದ ಮನೆಯೂ ಇನ್ನೊಬ್ಬರ ಹಿತ್ತಲಲ್ಲಿ ಕಟ್ಟಿದ್ದು. ಬಸು ಚಿಕ್ಕವನಿದ್ದಾಗ ರಜೆಯ ದಿನ ಅಪ್ಪನ ಹಿಂದೆ ಹೋಗಿ ಗೂಟ ಹಿಡಿದು ನಿಲ್ಲುತ್ತಿದ್ದ. ಸಂಜೆ ಬಂದು ಅವ್ವನಿಗೆ, ಇವತ್ತು ಗೌಡರ ಹೊಲ ಪೂರಾ ನೋಡಿ ಬಂದೆ ಎಂದು, ತಾನೇ ಕೊಂಡು ಬಂದವನ ಹಾಗೆ ಹೇಳುತ್ತಿದ್ದ.

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು. ಹುಬ್ಬಳ್ಳಿಯ ಖಾನಾವಳಿಯಲ್ಲಿ ತಟ್ಟೆ ತೊಳೆದು, ಬೆಂಗಳೂರಿನಲ್ಲಿ ದೋಸೆ ಕಲಿತು, ಅಲ್ಲಿಂದ ಒಬ್ಬ ಮಾಲೀಕರ ಜೊತೆ ಮಲೇಶಿಯಾಕ್ಕೆ ಬಂದೆ. ಪುಚೊಂಗ್‌ನ ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆ ಕಾವಲಿ ನನ್ನದು. ಕೆಲವು ವರ್ಷ ಕಳೆದ ಮೇಲೆ ಮಾಲೀಕರಿಗೆ ಹೇಳಿ ಬಸುವನ್ನೂ ಕರೆಸಿಕೊಂಡೆ. ಅವನು ತರಕಾರಿ ಹೆಚ್ಚುತ್ತಿದ್ದ, ಕಾಯಿ ತುರಿಯುತ್ತಿದ್ದ, ಹಿಟ್ಟು ರುಬ್ಬುತ್ತಿದ್ದ. ಕುಳ್ಳಗಿನ ಗಟ್ಟಿ ಆಳು. ನಗುವಾಗ ಸದ್ದೇ ಬರುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ಬೆಳಿಗ್ಗೆಯಿಂದ ಅಂಗಡಿ ಮುಚ್ಚುವವರೆಗೆ ನಾನು ಕಾವಲಿ ಬಿಟ್ಟು ಅಲುಗುವುದಿಲ್ಲವೆಂದು ಎಲ್ಲರ ಮುಂದೆ ನನ್ನ ಕಾಲು ಎಳೆಯುತ್ತಿದ್ದ. "ನಮ್ಮಣ್ಣನ ಕಾಲು ಕಲ್ಲಿನ ಕಂಬ ಇದ್ದಂಗ. ಗಟ್ಟಿ ಅಂದ್ರ ಗಟ್ಟಿ. ಆದ್ರ ಕಂಬ ಎಲ್ಲಿಗೂ ಹೋಗಂಗಿಲ್ಲ ನೋಡ್ರಿ."

ಸುಮರ್ನಿ ನಮ್ಮ ಎದುರಿನ ಕಾಂಡೊ ಎಂಬ ಬಹುಮಹಡಿ ಕಟ್ಟಡದಲ್ಲಿ ಮೆಟ್ಟಿಲು ಒರೆಸುವ ಕೆಲಸಕ್ಕಿದ್ದಳು. ಇಂಡೋನೇಷ್ಯಾದವಳು, ಜಾವಾದ ಬೆಟ್ಟದ ಮೇಲಿನ ಒಂದು ಹಳ್ಳಿಯ ರೈತರ ಮಗಳು. ಮಧ್ಯಾಹ್ನ ನಮ್ಮ ಹಿಂಬಾಗಿಲ ಬಳಿ ಚಹಾ ಕುಡಿಯಲು ಬರುತ್ತಿದ್ದಳು. ಒಂದು ದಿನ ಅಲ್ಲಿ ಇಳಿಸಿದ್ದ ಎಲೆಕೋಸಿನ ಬುಟ್ಟಿ ನೋಡಿ, ಇಷ್ಟು ಸಣ್ಣದನ್ನು ನಮ್ಮೂರಲ್ಲಿ ಆಡಿಗೆ ಹಾಕುತ್ತೇವೆ ಎಂದಳಂತೆ. ಬೇರೆ ಯಾರೇ ಆಗಿದ್ದರೂ ನಕ್ಕು ಸುಮ್ಮನಾಗುತ್ತಿದ್ದರು. ಬಸು ಕೈಯಲ್ಲಿದ್ದ ಚಾಕು ಕೆಳಗಿಟ್ಟು, ನಿಮ್ಮೂರ ಮಣ್ಣು ಎಂಥದು ಎಂದು ಕೇಳಿದ. ಅದರ ಮಾತು ಮುಗಿಯಲು ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಅವನು ಅವರ ಭಾಷೆ ಕಲಿತಿದ್ದ, ಅವಳು ಜೋಳದ ರೊಟ್ಟಿ ತಟ್ಟಲು ಕಲಿತಿದ್ದಳು.

ನಮ್ಮಂಥ ಕೆಲಸದ ಪರವಾನಗಿಯವರು ಇಲ್ಲಿ ಮದುವೆಯಾಗುವಂತಿಲ್ಲ. ಇಬ್ಬರೂ ಕೆಲಸ ಬಿಟ್ಟು ಅವಳ ಊರಿಗೆ ಹೋದರು. ಬಸು ಅವರ ಧರ್ಮಕ್ಕೆ ಸೇರಿ, ಯೂಸುಫ್ ಎಂದು ಹೊಸ ಹೆಸರಿಟ್ಟುಕೊಂಡು ಅವಳನ್ನು ಮದುವೆಯಾದ. ಹೊರಡುವ ಮುಂಚೆ ನನಗೆ ಎಲ್ಲವನ್ನೂ ಹೇಳಿಯೇ ಹೋದ. ನಾನು ಬೈಯಲಿಲ್ಲ, ಜಗಳ ಮಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ. ಬೈದವನು ಆಮೇಲೆ ರಾಜಿಯಾಗಬಹುದು. ನಾನು ಸುಮ್ಮನೆ ವಿಷಯವನ್ನು ಮುಚ್ಚಿಟ್ಟೆ.

ಮಾಲೀಕರಿಗೆ, ಬಸುವಿಗೆ ಸಿಂಗಪುರದ ಹೋಟೆಲಿನಲ್ಲಿ ಕೆಲಸ ಸಿಕ್ಕಿತು ಎಂದೆ. ಊರಲ್ಲಿದ್ದ ಅವ್ವನಿಗೂ ಅದನ್ನೇ ಹೇಳಿದೆ. ಭಾನುವಾರ ನಮ್ಮ ಹೋಟೆಲಿಗೆ ಪೆಟಾಲಿಂಗ್ ಜಯಾ ಕಡೆಯಿಂದ ಕನ್ನಡದ ಕುಟುಂಬಗಳು ಬರುತ್ತಿದ್ದವು. ಬೆಂಗಳೂರು, ಮೈಸೂರು ಕಡೆಯ ಇಂಜಿನಿಯರುಗಳು, ಮಣಿಪಾಲದ ಡಾಕ್ಟರುಗಳು. ನನ್ನಂಥವನನ್ನೂ ಹೆಸರು ಹಿಡಿದು, ಈರಣ್ಣ, ಆರಾಮಾ ಎಂದು ಕೇಳುತ್ತಿದ್ದವರು. ಅವರು ತಮ್ಮನ ವಿಚಾರ ಕೇಳಿದಾಗಲೆಲ್ಲ ಸಿಂಗಪುರ ಎನ್ನುತ್ತಿದ್ದೆ. ಹೇಳಿ ಹೇಳಿ ಕೊನೆಗೆ ಅವನಿಗೆ ಅಲ್ಲಿ ಬಡ್ತಿಯನ್ನೂ ಕೊಡಿಸಿದೆ. ಇದೆಲ್ಲ ಬಸುವಿಗೆ ಗೊತ್ತಿತ್ತು. ಅವ್ವನಿಗೆ ಫೋನ್ ಮಾಡುವಾಗ ತಾನೂ ಸಿಂಗಪುರದ ಸೆಖೆಯ ಬಗ್ಗೆ ಮಾತಾಡುತ್ತಿದ್ದ, ಬೆಟ್ಟದ ಚಳಿಗೆ ಕಿವಿ ಮುಚ್ಚಿ ಕಂಬಳಿ ಹೊದ್ದುಕೊಂಡು.

ಆ ಊರನ್ನು ನಾನು ನೋಡಿದ್ದು ಅವನ ಫೋನಿನಲ್ಲಿ. ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ನಾನು ಹಿಂದಿನ ಬಾಗಿಲಲ್ಲಿ ಕೂತಾಗ ಅವನ ವಿಡಿಯೊ ಕರೆ ಬರುತ್ತಿತ್ತು. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬೆಟ್ಟ, ಮೆಟ್ಟಿಲು ಮೆಟ್ಟಿಲಿಗೂ ಕೋಸು, ಗಜ್ಜರಿ, ಮೆಣಸಿನ ಗಿಡ. ಮೇಲೆ ಹೊಗೆಯಾಡುವ ಒಂದು ದೊಡ್ಡ ಬೆಟ್ಟ. ಅದು ಹಿಂದೆಂದೋ ಕಾರಿದ ಬೂದಿಯಿಂದಲೇ ಮಣ್ಣು ಅಷ್ಟು ಕಪ್ಪಗಿದೆಯಂತೆ. ಹೆಂಗಸರು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಮೋಡದೊಳಗಿಂದ ಇಳಿದು ಬರುತ್ತಿದ್ದರು. ಬಸು ಒಂದು ಮುಷ್ಟಿ ಮಣ್ಣನ್ನು ಫೋನಿನ ಹತ್ತಿರ ಹಿಡಿದು ಮೂಸಿ ನೋಡು ಎನ್ನುತ್ತಿದ್ದ. ಫೋನಿನಲ್ಲಿ ಹೇಗೋ ಮಾರಾಯ ಎಂದರೆ ಭುಜ ಕುಣಿಸುತ್ತಿದ್ದ.

ಆಮೇಲೆ ಅವನ ದಲಾಲಿ ಮಾತು ಶುರುವಾಗುತ್ತಿತ್ತು. ಮುಂದಿನ ವರ್ಷ ಡಾಂಬರು ರಸ್ತೆ ಬರುತ್ತದೆ. ಪಟ್ಟಣದವರು ಬೆಟ್ಟ ನೋಡಲು ಬಂದು ಉಳಿಯುವುದಕ್ಕೆ ಮನೆ ಹುಡುಕುತ್ತಾರೆ. ಕೆಳಗಿನ ಹಳ್ಳಿಯಲ್ಲಿ ಒಬ್ಬ ಆಗಲೇ ಗಾಜಿನ ಗೋಡೆಯ ಮನೆ ಕಟ್ಟಿಸಿದ್ದಾನೆ. ಸಮತಟ್ಟು ಜಾಗ ಇದ್ದವನೇ ಮುಂದೆ ಸಾಹುಕಾರ, ಯಾಕೆಂದರೆ ಅಲ್ಲಿ ಎಲ್ಲವೂ ಇಳಿಜಾರು. ಪುಚೊಂಗ್‌ನಲ್ಲಿ ಗಾಳಿಯಲ್ಲಿ ಕಟ್ಟಿದ ಮನೆಗೆ ಜನ ಜನ್ಮವಿಡೀ ದುಡಿಯುತ್ತಾರಲ್ಲ, ಇಲ್ಲಿ ಕಾಲ ಕೆಳಗೆ ನೆಲ ಐತಿ ಎನ್ನುತ್ತಿದ್ದ.

ಆ ನೆಲ ಅವನದಾಗಿರಲಿಲ್ಲ, ನನ್ನ ತಕರಾರು ಅದೇ. ಹೊರದೇಶದವನ ಹೆಸರಿಗೆ ಅಲ್ಲಿ ಅಂಥ ಭೂಮಿ ಆಗುವುದಿಲ್ಲ. ಅವನು ಇಲ್ಲಿ ದುಡಿದು ಉಳಿಸಿದ್ದೆಲ್ಲ ಹಾಕಿ ಕೊಂಡ ಹೊಲ, ಮನೆಯ ಜಾಗ ಎರಡೂ ಸುಮರ್ನಿಯ ಹೆಸರಿನಲ್ಲಿ ಇದ್ದವು. ನಾಳೆ ಅವಳ ಮನಸ್ಸು ತಿರುಗಿದರೆ ಉಟ್ಟ ಬಟ್ಟೆಯಲ್ಲಿ ಹೊರಗೆ ಬರುತ್ತೀ ಎಂದು ಹೇಳುತ್ತಿದ್ದೆ. ಅವಳು ಹಿಂದೆ ನಿಂತು ಕೇಳುತ್ತಿರುತ್ತಾಳೆ ಎಂದು ಗೊತ್ತಿದ್ದೂ, ಕನ್ನಡದಲ್ಲಿ. ಒಂದು ಸಲ ಮಾತ್ರ ಅವನು ನಗದೆ ಉತ್ತರ ಕೊಟ್ಟ.

"ಅಪ್ಪ ಎಷ್ಟು ಮಂದಿ ಹೊಲ ಅಳದ ಅಣ್ಣ. ಒಂದರಾಗರ ಅವನ ಹೆಸರಿತ್ತೇನು? ಆದ್ರ ಯಾವ ಹೊಲಕ್ಕ ಹೋದ್ರೂ ಬಾ ಅಂತ ಕರದು ರೊಟ್ಟಿ ಕೊಡ್ತಿದ್ರು. ನನಗ ಅಷ್ಟಾದ್ರ ಸಾಕು."

ಅಲ್ಲಿ ಬದುವಿಗೆ ಕಲ್ಲು ನೆಡುವುದಿಲ್ಲ. ಕೆಂಪು ಎಲೆಯ ಒಂದು ಗಿಡ ನೆಡುತ್ತಾರೆ. ನಮ್ಮಲ್ಲಿ ಕುಂಡದಲ್ಲಿ ಅಂದಕ್ಕೆ ಇಡುತ್ತೇವಲ್ಲ, ಅಂಥದೇ. ದೂರದಿಂದ ನೋಡಿದರೂ ಹಸಿರಿನಲ್ಲಿ ಕೆಂಪು ಗೆರೆ ಎಳೆದಂತೆ ಯಾರದು ಎಲ್ಲಿಯವರೆಗೆ ಎಂದು ಕಾಣುತ್ತದೆ. ಬಸುವಿಗೆ ಇದು ಬಹಳ ಹಿಡಿಸಿತ್ತು. ಬೆಳೆಯುವ ಬದುಗಲ್ಲು ಎನ್ನುತ್ತಿದ್ದ. ಮನೆ ಎದ್ದ ಮೇಲೆ ಒಮ್ಮೆ ತನ್ನ ಅಂಗಳ ತೋರಿಸುವಾಗ ರಸ್ತೆಯ ಕಡೆಗಿನ ಮೂಲೆಯಲ್ಲಿ ಹೊಸದಾಗಿ ನೆಟ್ಟ ಸಣ್ಣ ಸಸಿಗಳು ಕಂಡವು. ಅದು ಯಾರ ಗಡಿ ಎಂದು ಕೇಳಿದೆ. ಬಂದಾಗ ಹೇಳ್ತೀನಿ ಎಂದು ಫೋನನ್ನು ಆಡಿನ ಕಡೆ ತಿರುಗಿಸಿದ.

ಮನೆ ಕಟ್ಟುವುದಕ್ಕೆ ಆ ಊರಲ್ಲಿ ಒಂದು ಪದ್ಧತಿ ಇದೆ. ಕೂಲಿ ಇಲ್ಲ. ಊರಿನ ಗಂಡಸರೆಲ್ಲ ಬಂದು ಕಂಬ ನಿಲ್ಲಿಸಿ, ತೊಲೆ ಏರಿಸಿ, ಹೆಂಚು ಹೊದಿಸಿ ಊಟ ಮಾಡಿ ಹೋಗುತ್ತಾರೆ. ಆದರೆ ಯಾವನು ಬೇರೆಯವರ ಮನೆಯ ಕೆಲಸಕ್ಕೆ ಹೆಗಲು ಕೊಟ್ಟಿದ್ದಾನೋ ಅವನ ಮನೆಗೆ ಮಾತ್ರ ಜನ ಬರುತ್ತಾರೆ. ಬಸು ಹೋದ ಮೊದಲ ದಿನದಿಂದ ಯಾರ ಮನೆಯ ಕೆಲಸವನ್ನೂ ತಪ್ಪಿಸಲಿಲ್ಲ. ಭುಜದ ಮೇಲೆ ತೊಲೆಯ ಗುರುತು ತೋರಿಸುತ್ತಿದ್ದ. ಅವನ ಗೆಳೆಯ ಕಾರ್ತೊ ಎಂಬ ಅಜ್ಜ, ಆ ಕೇರಿಯ ಹಿರಿಯ, ಈ ಪರದೇಶಿಯ ಮನೆಗೆ ಇಡೀ ಊರೇ ಬರುತ್ತದೆ ಎಂದು ಹೇಳಿದ್ದನಂತೆ.

ಕೊರೊನಾ ಬರುವ ಹಿಂದಿನ ವರ್ಷ ಬಸುವಿನ ಮನೆಗೆ ನೆತ್ತಿಯ ತೊಲೆ ಏರಿಸುವ ದಿನ ಗೊತ್ತಾಯಿತು. ಆ ತೊಲೆಗೆ ಬಟ್ಟೆ ಸುತ್ತಿ, ಭತ್ತದ ತೆನೆ, ಬಾಳೆಗೊನೆ ಕಟ್ಟುತ್ತಾರೆ. ಮನೆಯೊಡೆಯನ ಕಡೆಯ ಒಬ್ಬ ಹಿರಿಯ ಅದನ್ನು ಕೈ ಮುಟ್ಟಿ ಮೇಲೆ ಕಳಿಸಬೇಕು. "ನನ್ನ ಕಡೆ ಅಂತ ನೀ ಒಬ್ಬನೇ ಅಣ್ಣ. ಬಂದು ಕೈ ಮುಟ್ಟಿಸಿ ಹೋಗು ಸಾಕು" ಎಂದ. ಆಗಲಿ ಎಂದೆ. ಮಾಲೀಕರಿಂದ ರಜೆ ಪಡೆದೆ. ಸುಮರ್ನಿಗೆಂದು ಒಂದು ಇಳಕಲ್ ಸೀರೆಯನ್ನೂ ತರಿಸಿದ್ದೆ.

ನಾನು ಹೋಗಲಿಲ್ಲ. ಕಾರಣ ಏನೂ ಇಲ್ಲ. ಹೊರಡುವ ಹಿಂದಿನ ದಿನ, ಅಲ್ಲಿ ಯಾರಾದರೂ ಫೋಟೊ ತೆಗೆಯುತ್ತಾರೆ, ಅದು ಯಾರದೋ ಫೋನಿಂದ ಯಾರದೋ ಫೋನಿಗೆ ಹೋಗಿ ಭಾನುವಾರದ ಟೇಬಲ್ಲುಗಳನ್ನು ಮುಟ್ಟುತ್ತದೆ ಎಂದು ಹೆದರಿಕೆ ಹತ್ತಿತು. ಅವರ ಮನೆಯಲ್ಲಿ ಊಟ ಹೇಗೆ ಮಾಡುವುದು ಎಂದೂ ಒಂದು ನೆವ. ಮಾಲೀಕರು ಕೊನೇ ಗಳಿಗೆಯಲ್ಲಿ ರಜೆ ಕೊಡಲಿಲ್ಲ ಎಂದು ಬಸುವಿಗೆ ಸುಳ್ಳು ಹೇಳಿದೆ. ರಜೆಯ ದಿನಗಳನ್ನು ಎಲ್‌ಆರ್‌ಟಿ ನಿಲ್ದಾಣದ ಕೆಳಗಿನ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಚಹಾದಂಗಡಿಯಲ್ಲಿ, ಎಳೆದು ಹೊಯ್ದ ಚಹಾ ಕುಡಿಯುತ್ತ, ತಲೆಯ ಮೇಲೆ ರೈಲು ಹೋಗುವುದನ್ನು ಕೇಳುತ್ತ ಕಳೆದೆ. ತೊಲೆಯನ್ನು ಕಾರ್ತೊ ಅಜ್ಜ ಮುಟ್ಟಿದನೆಂದು ಬಸು ಆಮೇಲೆ ಹೇಳಿದ. ಅಣ್ಣ ಯಾಕೆ ಬರಲಿಲ್ಲವೆಂದು ಜನ ಕೇಳಲಿಲ್ಲವೇ ಎಂದೆ. ಕೇಳಿದರು, ಹೇಳಿದೆ ಎಂದನಷ್ಟೇ. ಏನು ಹೇಳಿದೆ ಎಂದು ಕೇಳುವ ಮುಖ ನನಗಿರಲಿಲ್ಲ.

ಮುಂದಿನ ವರ್ಷ ಊರೇ ಮುಚ್ಚಿತು. ಹೋಟೆಲಿನ ಕುರ್ಚಿಗಳನ್ನು ಟೇಬಲ್ಲಿನ ಮೇಲೆ ಬೋರಲು ಹಾಕಿದೆವು. ಒಳಗೆ ಕೂತು ತಿನ್ನುವಂತಿಲ್ಲ, ತಪಾವು ಮಾತ್ರ, ಅಂದರೆ ಕಟ್ಟಿಸಿಕೊಂಡು ಹೋಗುವುದು. ದೇಶದ ಗಡಿಗಳು ಮುಚ್ಚಿದವೆಂದು ಟಿವಿಯಲ್ಲಿ ಹೇಳಿದ ದಿನ ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ನನಗೆ ಒಳಗೊಳಗೇ ನೆಮ್ಮದಿಯಾಯಿತು. ಇನ್ನು ಯಾಕೆ ಬರಲಿಲ್ಲ ಎಂದು ಯಾರೂ ಕೇಳುವ ಹಾಗಿಲ್ಲ. ಇಡೀ ಲೋಕ ನರಳುವಾಗ ಹೀಗೆ ನೆಮ್ಮದಿಪಟ್ಟವನು ನಾನು.

ಆ ಕಾಲದಲ್ಲಿ ಬಸುವಿಗೆ ಮಗಳು ಹುಟ್ಟಿದಳು. ಅವ್ವನ ಹೆಸರನ್ನೇ ಇಟ್ಟ, ಗಂಗಾ ಎಂದು. ಅವಳನ್ನು ಎತ್ತಿಕೊಂಡು ಫೋನಿನ ಮುಂದೆ ಬಂದು, ಪಕ್ದೆ ಅನ್ನು, ಪಕ್ದೆ ಅನ್ನು ಎಂದು ಕಲಿಸುತ್ತಿದ್ದ. ಅವರಲ್ಲಿ ದೊಡ್ಡಪ್ಪನಿಗೆ ಹಾಗೆನ್ನುತ್ತಾರೆ.

ಒಂದು ಮಧ್ಯಾಹ್ನ ಅವನು ಹೊಲದಿಂದ ಕರೆ ಮಾಡಿದ್ದ. ತಲೆಯ ಮೇಲೆ ಕರಿ ಟೋಪಿ, ಹಿಂದೆ ಕಿತ್ತು ರಾಶಿ ಹಾಕಿದ ಕೋಸು. ನಾನು ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ದೋಸೆ ಹೊಯ್ಯುತ್ತಿದ್ದೆ. ಮೈಸೂರಿನ ಇಂಜಿನಿಯರರೊಬ್ಬರು, ಭಾನುವಾರದ ಗಿರಾಕಿ, ಮಾಸ್ಕ್ ಹಾಕಿಕೊಂಡು ತಪಾವಿಗೆ ನಿಂತಿದ್ದರು. ಸುಮ್ಮನೆ ನಿಲ್ಲಲಾರದೆ ಬಗ್ಗಿ ಫೋನು ನೋಡಿದರು. ಯಾರಿದು ಈರಣ್ಣ, ಎಲ್ಲೋ ನೋಡಿದ ಹಾಗಿದೆಯಲ್ಲ ಎಂದರು.

"ಇಂಡೋನೇಷ್ಯಾದವನು ಸಾರ್. ಕೋಸು ಸಪ್ಲೈ ಮಾಡೋನು" ಎಂದೆ.

ಬಸು ಎಲ್ಲವನ್ನೂ ಕೇಳಿಸಿಕೊಂಡ. ಒಂದು ಗಳಿಗೆ ಅವನ ಮುಖ ಹಾಗೆಯೇ ನಿಂತಿತು. ಫೋನ್ ಕೆಟ್ಟು ಚಿತ್ರ ನಿಂತಿದೆ ಎಂದುಕೊಂಡೆ. ಆಮೇಲೆ ಅವನು ಬಗ್ಗಿ ಒಂದು ದೊಡ್ಡ ಕೋಸು ಎತ್ತಿ ಹಿಡಿದು, ಒಳ್ಳೆಯ ಮಾಲು ಸಾರ್, ತಾಜಾ ಮಾಲು ಎಂದು ಸುಮರ್ನಿಯ ಭಾಷೆಯಲ್ಲಿ ಕೂಗಿದ. ಇಂಜಿನಿಯರರು ನಕ್ಕು, ಇವರ ಕೋಸು ಚೆನ್ನಾಗಿರತ್ತೆ ಬಿಡಿ ಎಂದು ದೋಸೆಯ ಪೊಟ್ಟಣ ತೆಗೆದುಕೊಂಡು ಹೋದರು.

ಮರುದಿನ ಅವನ ಕರೆ ಬಂದಾಗ ಫೋನನ್ನು ಹಿಂಬಾಗಿಲ ಹೊರಗೆ ಒಯ್ದು ಎತ್ತಿದೆ. ಅವನು ನಮಸ್ಕಾರ ಹೊಡೆದು, "ಸಾಹೇಬ್ರ, ಕೋಸು ಬೇಕಾಗಿತ್ತೇನ್ರಿ?" ಎಂದ. ಭುಜ ಕುಣಿಯುತ್ತಿತ್ತು. ಅವನು ನಕ್ಕನೆಂದು ನಾನೂ ನಕ್ಕೆ. ಆ ಮಾತು ಅಲ್ಲಿಗೇ ಮುಗಿಯಿತು, ಅವನ ಕಡೆಯಿಂದ.

ಅದರ ಮುಂದಿನ ವರ್ಷ ಅವರ ಬೆಟ್ಟಕ್ಕೂ ಆ ಜ್ವರ ಏರಿತು. ಕೆಳಗಿನ ಪಟ್ಟಣದ ಆಸ್ಪತ್ರೆಗಳಲ್ಲಿ ಜಾಗ ಇರಲಿಲ್ಲ. ಬಸುವನ್ನು ತರಕಾರಿ ಲಾರಿಯಲ್ಲಿ ಮಲಗಿಸಿಕೊಂಡು ಅಲೆದು ವಾಪಸು ಕರೆತಂದರು. ಕೊನೆಯ ಸಲ ಮಾತಾಡಿದಾಗ ಮಾತಿಗಿಂತ ಉಸಿರೇ ಜಾಸ್ತಿ ಇತ್ತು. ಅವ್ವಗ ಹೇಳು ಎಂದ. ಹುಷಾರಾಗು ಮೊದಲು ಎಂದೆ. ಮತ್ತೆ, "ಹೇಳಣ್ಣ. ಸೊಸಿ ಅದಾಳ, ಮೊಮ್ಮಗಳು ಅದಾಳ ಅಂತ ಹೇಳು" ಎಂದ. ಹೇಳುತ್ತೇನೆ ಎಂದೆ.

ಅವನನ್ನು ಮಣ್ಣು ಮಾಡುವುದನ್ನು ನಾನು ಅದೇ ಹಿಟ್ಟಿನ ಡಬ್ಬಿಗೆ ಒರಗಿಸಿದ ಫೋನಿನಲ್ಲಿ ನೋಡಿದೆ. ಸುಮರ್ನಿ ದೂರದಲ್ಲಿ ನಿಂತು ಫೋನ್ ಹಿಡಿದಿದ್ದಳು. ಯಾರ ಮನೆಯ ತೊಲೆಗೆ ಅವನು ಹೆಗಲು ಕೊಟ್ಟಿದ್ದನೋ ಅವರೇ, ಬಿಳಿ ಪ್ಲಾಸ್ಟಿಕ್ ಅಂಗಿ ತೊಟ್ಟು, ಗುಂಡಿ ತೋಡಿದ್ದರು. ಗಿರಾಕಿಗಳು ಹೊರಗೆ ಕಾಯುತ್ತಿದ್ದರು. ನಾನು ದೋಸೆ ಹೊಯ್ಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಯಾಕೆಂದು ಹೇಳಬೇಕಾಗುತ್ತಿತ್ತು.

ಅವ್ವನಿಗೆ, ಸಿಂಗಪುರದಲ್ಲಿ ಕೊರೊನಾ ಬಂದು ಹೋದ ಎಂದೆ. ಅವಳು ಅತ್ತು ಮುಗಿಸಿ, ಮಣ್ಣು ಕೊಟ್ಟವರು ಯಾರು ಎಂದು ಕೇಳಿದಳು. ಸರ್ಕಾರದವರು ಎಂದೆ. ನಮ್ಮವರು ಒಬ್ಬರೂ ಇರಲಿಲ್ಲವೇ ಎಂದಳು. ಇರಲಿಲ್ಲ ಎಂದೆ. ಆ ಮಾತಷ್ಟೇ ನಿಜ.

ಗಡಿ ತೆರೆದ ಮೇಲೆ ಹೋದೆ. ಈ ಸಲ ಮಾಲೀಕರಿಗೆ ತಮ್ಮನ ಮನೆಗೆ ಹೋಗುತ್ತೇನೆ ಎಂದೆ. ಸಿಂಗಪುರವೇ ಎಂದರು. ಜಾವಾ ಎಂದೆ, ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಇಷ್ಟು ದಿನ ಯಾಕೋ ಮುಚ್ಚಿಟ್ಟೆ, ಅವನು ಹೆಚ್ಚಿದ ಕೋಸಿನ ಪಲ್ಯ ನಾನೂ ತಿಂದವನಲ್ಲವೇ ಎಂದರು. ಅಷ್ಟೇ. ಅಷ್ಟಕ್ಕೇ ನಾನು ಅಷ್ಟು ವರ್ಷ ಹೆದರಿದ್ದು.

ವಿಮಾನ ಇಳಿದು, ಬಸ್ಸು ಹಿಡಿದು, ಆಮೇಲೆ ತರಕಾರಿ ಲಾರಿಯಲ್ಲಿ ಕೂತು ಆ ಬೆಟ್ಟದ ಬುಡ ತಲುಪಿದಾಗ ಬಿಸಿಲು ಹಣ್ಣಾಗಿತ್ತು. ಡಾಂಬರು ಇನ್ನೂ ಅಲ್ಲಿಗೇ ಮುಗಿದಿತ್ತು. ಕಾರ್ತೊ ಅಜ್ಜ, ಜೊತೆಗೆ ಇಬ್ಬರು ಗಂಡಸರು, ಒಂದು ಮೋಟಾರ್ ಸೈಕಲ್ ಇಟ್ಟುಕೊಂಡು ನನಗಾಗಿ ಕಾಯುತ್ತಿದ್ದರು. ಅಜ್ಜನದು ಫೋನಿನಲ್ಲಿ ಕಂಡ ಮುಖವೇ. ನಾನು ಲಾರಿಯಿಂದ ಹಾರಿ ಇಳಿಯುವವನಿದ್ದೆ. ಅಷ್ಟರಲ್ಲಿ ಇಬ್ಬರೂ ಓಡಿ ಬಂದು ನನ್ನ ತೋಳು ಹಿಡಿದುಕೊಂಡು ಮೆಲ್ಲಗೆ ಇಳಿಸಿದರು. ಅಜ್ಜ ಒಂದು ಬಿದಿರಿನ ಕೋಲನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದ. ಹೊಸದಾಗಿ ಕಡಿದು, ಗಂಟುಗಳನ್ನೆಲ್ಲ ನುಣ್ಣಗೆ ಹೆರೆದಿದ್ದ ಕೋಲು.

"ಪಕ್ದೆ, ಕಾಲು ಈಗ ಹೇಗಿದೆ?" ಎಂದ. ಅವರ ಮಾತು ಮಲೇಶಿಯಾದ ಮಲಯ ಭಾಷೆಗೆ ಹತ್ತಿರ, ನನಗೆ ಅರ್ಥವಾಗುತ್ತದೆ. ಆದರೂ ಅರ್ಥವಾಗಲಿಲ್ಲ. ಅಜ್ಜನೇ ಮುಂದುವರಿಸಿದ. ಯೂಸುಫ್ ಎಲ್ಲ ಹೇಳಿದ್ದನಂತೆ. ಬಿಸಿ ಕಾವಲಿಯ ಮುಂದೆ ನಿಂತು ನಿಂತು ಅಣ್ಣನ ಕಾಲು ಹೋಗಿದೆ. ತೊಲೆ ಏರಿಸುವ ದಿನ ಬರಲೇಬೇಕೆಂದು ಹಟ ಹಿಡಿದಿದ್ದ, ಈ ಏರು ನಿನ್ನಿಂದ ಹತ್ತಲಾಗದು ಎಂದು ಯೂಸುಫನೇ ಬೇಡವೆಂದ. ಬರಲಾಗಲಿಲ್ಲವೆಂದು ಅಣ್ಣ ಫೋನಿನಲ್ಲಿ ಅತ್ತುಬಿಟ್ಟ.

ನಾನು ಅವನನ್ನು ಇಲ್ಲಿ ಸಿಂಗಪುರಕ್ಕೆ ಕಳಿಸಿದ್ದೆ. ಅವನು ನನ್ನನ್ನು ಅಲ್ಲಿ ಕುಂಟನನ್ನಾಗಿ ಮಾಡಿ, ಒಳ್ಳೆಯ ಅಣ್ಣನನ್ನಾಗಿ ಉಳಿಸಿಕೊಂಡಿದ್ದ.

ಕೋಲು ತೆಗೆದುಕೊಂಡೆ. ಯಾವ ಕಾಲು ಎಂದು ನನಗೆ ಗೊತ್ತಿರಲಿಲ್ಲ. ಅಜ್ಜ ನನ್ನ ಬಲಗಡೆ ಬಂದು ಆಸರೆಗೆ ನಿಂತದ್ದರಿಂದ ಬಲಗಾಲು ಎಂದುಕೊಂಡು ಅದನ್ನೇ ಎಳೆಯುತ್ತ ಮೋಟಾರ್ ಸೈಕಲ್ಲಿನ ಹತ್ತಿರ ಹೋದೆ.

ಮನೆಯ ಬಾಗಿಲಲ್ಲಿ ಸುಮರ್ನಿ ನಿಂತಿದ್ದಳು, ಮಗುವನ್ನು ಸೊಂಟದಲ್ಲಿಟ್ಟುಕೊಂಡು. ಅವಳು ಪುಚೊಂಗ್‌ನಲ್ಲಿ ದಿನವೂ ನನ್ನನ್ನು ಕಂಡವಳು. ಅಕ್ಕಿ ಮೂಟೆ ಹೊತ್ತು ಮೇಲಿನ ಕೋಣೆಗೆ ಎರಡೆರಡು ಮೆಟ್ಟಿಲು ಹಾರಿ ಹತ್ತುವುದನ್ನು ನೋಡಿದವಳು. ನನ್ನ ಕಾಲು ನೋಡಿದಳು, ಕೋಲು ನೋಡಿದಳು. ಬನ್ನಿ ಪಕ್ದೆ ಎಂದು ಒಂದು ಕುರ್ಚಿ ಎಳೆದು ಹಾಕಿದಳು.

ಅಂಗಳದ ಮೂಲೆಯ ಆ ಕೆಂಪು ಗಿಡಗಳು ಸೊಂಟದೆತ್ತರ ಬೆಳೆದಿದ್ದವು. ಇದು ನಿಮ್ಮದು ಎಂದು ಅಜ್ಜ ಹೇಳಿದ. ಆ ಇಡೀ ಇಳಿಜಾರಿನಲ್ಲಿ ಸಮತಟ್ಟಾಗಿದ್ದ ತುಂಡು ಅದೊಂದೇ, ದಾರಿಗೆ ಅಂಟಿಕೊಂಡಂತೆ ಇತ್ತು. ಕಾಲು ಸರಿಯಿಲ್ಲದ ಅಣ್ಣನಿಗೆ ಏರಿಳಿಯುವ ಕಷ್ಟ ಬೇಡವೆಂದು ಬಸು ಅದನ್ನು ಪಾದದಿಂದ ಅಳೆದು ಬೇರೆ ಮಾಡಿದ್ದ. ಊರವರು ಒಂದು ದಿನ ಸೇರಿ, ದಾರಿಯಿಂದ ಅಲ್ಲಿಗೆ ತಗ್ಗು ತಗ್ಗಾದ ಕಲ್ಲಿನ ಮೆಟ್ಟಿಲುಗಳನ್ನು ಕೂರಿಸಿದ್ದರು, ಕುಂಟನೊಬ್ಬ ಹತ್ತುವಂಥವು. ಕಾಗದದಲ್ಲಿ ಅದು ಸುಮರ್ನಿಯದೇ. ಆದರೆ ಊರಲ್ಲಿ ಎಲ್ಲರೂ ಅದನ್ನು ಪಕ್ದೆಯ ಅಂಗಳ ಎನ್ನುತ್ತಾರೆ. ಬಸು ಸತ್ತ ಮೇಲೆ ಪಟ್ಟಣದವನೊಬ್ಬ ಗಾಜಿನ ಮನೆ ಕಟ್ಟಲು ಆ ಸಮತಟ್ಟು ಜಾಗವನ್ನೇ ಕೇಳಿಕೊಂಡು ಬಂದಿದ್ದನಂತೆ, ಒಮ್ಮೆಯಲ್ಲ. ಗಂಡನಿಲ್ಲದ ಹೆಂಗಸು, ಕೈಯಲ್ಲಿ ಕೂಸು. ಅದು ನನ್ನದಲ್ಲ, ಅವನ ಅಣ್ಣನದು, ಅವರನ್ನು ಕೇಳಬೇಕು ಎಂದು ಹೇಳಿ ಕಳಿಸಿದ್ದಳು. ಅವಳು ಬಸುವನ್ನು ಹೊರಗೆ ಹಾಕುತ್ತಾಳೆ ಎಂದು ನಾನು ಅವಳ ಕಿವಿಗೆ ಬೀಳುವಂತೆ ಹೇಳುತ್ತಿದ್ದೆನಲ್ಲ, ಅವಳಿಗೆ ಅಷ್ಟು ಕನ್ನಡ ಬರುತ್ತಿತ್ತು.

ಆ ಜಾಗ ಮಗುವಿಗಿರಲಿ, ನನಗೆ ಬೇಡ ಎಂದೆ. ಅವಳು ದೊಡ್ಡವಳಾಗುವವರೆಗೆ ಮೆಣಸು ಹಾಕುತ್ತೇನೆ, ಆದರೆ ಗಿಡ ಕೀಳುವುದಿಲ್ಲ, ಅವರು ನೆಟ್ಟದ್ದು ಎಂದಳು.

ಅವಳು ನನಗೆಂದು ಹೊಸ ಪಾತ್ರೆಯಲ್ಲಿ ಬೇರೆಯಾಗಿ ಅಡುಗೆ ಮಾಡಿದ್ದಳು. ಜೋಳ ಸಿಗದೆ ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದ್ದಳು, ಅಂಚು ಒಡೆದಿತ್ತು, ಕೋಸಿನ ಪಲ್ಯ ಇತ್ತು. ಉಂಡೆ.

ಮರುದಿನ ಬೆಳಿಗ್ಗೆ ಬಸುವಿನ ಮಣ್ಣಿನ ಹತ್ತಿರ ನಿಂತು ಅವ್ವನಿಗೆ ವಿಡಿಯೊ ಕರೆ ಮಾಡಿದೆ. ಪಕ್ಕದ ಮನೆಯ ಹುಡುಗಿ ಅವಳಿಗೆ ಫೋನ್ ಹಿಡಿದುಕೊಂಡಿದ್ದಳು. ಎಲ್ಲವನ್ನೂ ಹೇಳಿದೆ. ಸಿಂಗಪುರ ಇರಲೇ ಇಲ್ಲ ಎಂದೆ. ಇವರೇ ಮಣ್ಣು ಕೊಟ್ಟವರು ಎಂದು ಕಾರ್ತೊ ಅಜ್ಜನನ್ನು ತೋರಿಸಿದೆ. ಸುಮರ್ನಿಯನ್ನು, ಗಂಗಾಳನ್ನು ತೋರಿಸಿದೆ. ಅವ್ವ ನನ್ನನ್ನು ಬೈಯಲಿಲ್ಲ. ಜೀವಮಾನವಿಡೀ ಭೂಮಿಯಿಲ್ಲದವನ ಹೆಂಡತಿಯಾಗಿದ್ದವಳು ಕೊನೆಗೆ ಕೇಳಿದ್ದು ಒಂದೇ.

"ಮಣ್ಣು ಎಂಥಾದ್ದೋ ಅಲ್ಲಿ?"

"ಕರೇ ಮಣ್ಣವ್ವ" ಎಂದೆ. "ನಮ್ಮೂರ ಎರಿ ಹೊಲದಂಥಾದ್ದು."

ಹಂಗಾದ್ರ ಸರಿ ಎಂದಳು. ಆಮೇಲೆ ಮೊಮ್ಮಗಳನ್ನು ಇನ್ನೊಮ್ಮೆ ತೋರಿಸು ಎಂದಳು.

ನಾನು ಅಲ್ಲಿದ್ದ ದಿನಗಳೆಲ್ಲ ಕುಂಟಿದೆ. ಒಂದು ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಮರೆತು ಎಡಗಾಲು ಎಳೆದುಕೊಂಡು ಅಂಗಳಕ್ಕೆ 
ಬಂದುಬಿಟ್ಟೆ. ಕಾರ್ತೊ ಅಜ್ಜ ಆಗಲೇ ಬಂದು ಜಗಲಿಯಲ್ಲಿ ಕೂತಿದ್ದ. ಅವನು ಕತ್ತೆತ್ತುವಷ್ಟರಲ್ಲಿ ಸುಮರ್ನಿ ನಡುವೆ ಬಂದು ಚಹಾದ ಲೋಟ ಅವನ ಮುಂದಿಟ್ಟು, ಅವನಿಗೆ ನಾನು ಕಾಣದಂತೆ ನಿಂತಳು.

ಹೊರಡುವ ದಿನ ಊರಿನ ಜನ ಆ ತಗ್ಗು ಮೆಟ್ಟಿಲುಗಳ ಹತ್ತಿರ ಸೇರಿದ್ದರು. ಯಾವಾಗ ಮನೆ ಕಟ್ಟುತ್ತೀರಿ, ನಾವೆಲ್ಲ ಬರುತ್ತೇವೆ ಎಂದು ಒಬ್ಬೊಬ್ಬರೂ ಕೇಳಿದರು. ಅವರಲ್ಲಿ ಯಾರ ಮನೆಯ ತೊಲೆಯನ್ನೂ ನಾನು ಹೊತ್ತವನಲ್ಲ. ಬಸು ಹೊತ್ತದ್ದನ್ನೇ ನನ್ನ ಲೆಕ್ಕಕ್ಕೆ ಹಿಡಿದಿದ್ದರು. ಸುಮರ್ನಿ ಒಳಗಿನಿಂದ ಬಂದು ಹಸಿರು ಎಣ್ಣೆಯ ಒಂದು ಸಣ್ಣ ಶೀಶೆಯನ್ನು ಎಲ್ಲರಿಗೂ ಕಾಣುವಂತೆ ನನ್ನ ಕೈಗಿಟ್ಟಳು. ದಿನವೂ ಹಚ್ಚಿ ತಿಕ್ಕಿಕೊಳ್ಳಬೇಕು ಎಂದು ಅವರ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿದಳು. ಆಮೇಲೆ ದನಿ ತಗ್ಗಿಸಿ, ಬಸುವಿನಿಂದ ಕಲಿತ ಕನ್ನಡದಲ್ಲಿ, "ಬಲಗಾಲಿಗೆ, ಅಣ್ಣ. ಮರೀಬ್ಯಾಡ್ರಿ" ಎಂದಳು.

ತಲೆಯೆತ್ತಿ ಅವಳ ಮುಖ ನೋಡುವುದಾಗಲಿಲ್ಲ. ಮೋಟಾರ್ ಸೈಕಲ್ ಬೇಡವೆಂದು ಕೋಲು ಊರಿಕೊಂಡು ಬೆಟ್ಟ ಇಳಿದೆ, ಬಲಗಾಲನ್ನು ಎಳೆಯುತ್ತ. ತಿರುವು ದಾಟಿ, ಅವರಾರಿಗೂ ಕಾಣದಷ್ಟು ಕೆಳಗೆ ಬಂದ ಮೇಲೂ ಎಳೆಯುತ್ತಲೇ ಇದ್ದೆ.